ಐಇಎಲ್‌ಟಿಎಸ್ ರೀಡಿಂಗ್: ಉತ್ತರದ ಮೇಲೆ ಬೆರಳಿಡುವ ಅಭ್ಯಾಸ

ಅಕ್ಕನ ಮಗಳು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಇಂಗ್ಲೆಂಡಿಗೆ ಹೋಗಬೇಕೆಂಬ ಆಸೆ. ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಕಾಡೆಮಿಕ್ ಬಗೆಯಲ್ಲಿ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 7 ಬ್ಯಾಂಡ್ (ಸ್ಕೋರಿಗೆ ಅಲ್ಲಿ ಹೇಳುವುದೇ ಹಾಗೆ) ಬೇಕು, ರೈಟಿಂಗ್‌ನಲ್ಲಿ 6.5. ಮೊದಲ ಸಲ ಬರೆದಾಗ ಅವಳಿಗೆ ರೀಡಿಂಗ್‌ನಲ್ಲಿ ಬಂದದ್ದು 5.5. ಒಂದು ಭಾನುವಾರ ಮಾಕ್ ಟೆಸ್ಟಿನ ಹಾಳೆ ಹಿಡಿದುಕೊಂಡು ಮನೆಗೆ ಬಂದಳು. ನಿದ್ದೆಯ ಬಗ್ಗೆ ಒಂದು ಪ್ಯಾಸೇಜ್. ಏಳು ಹೇಳಿಕೆಗೆ ಟ್ರೂ (ಪ್ಯಾಸೇಜ್ ಹಾಗೇ ಹೇಳುತ್ತದೆ), ಫಾಲ್ಸ್ (ಅಲ್ಲಗಳೆಯುತ್ತದೆ), ನಾಟ್ ಗಿವನ್ (ಹೇಳಿಯೇ ಇಲ್ಲ) ಎಂದು ಬರೆಯಬೇಕು. ನಾಲ್ಕು ತಪ್ಪು.

“ಮಾಮ, ಇದು ಟ್ರೂನೇ. ನೈಟ್ ಡ್ಯೂಟಿ ಮಾಡೋರಿಗೆ ಬಿಪಿ ಏರುಪೇರಾಗುತ್ತೆ. ನಮ್ಮ ವಾರ್ಡಲ್ಲೇ ನೋಡಿದ್ದೀನಿ.”

“ನೋಡಿರ್ತೀಯ ಕಣಮ್ಮ, ಇಲ್ಲ ಅನ್ನಲ್ಲ. ಈ ಪ್ಯಾಸೇಜ್‌ನಲ್ಲಿ ಎಲ್ಲಿ ಬರೆದಿದೆ, ಬೆರಳಿಟ್ಟು ತೋರಿಸು.”

ಬೆರಳು ಎರಡನೇ ಪ್ಯಾರಾದಿಂದ ನಾಲ್ಕಕ್ಕೆ ಹೋಯಿತು, ಮತ್ತೆ ಮೇಲಕ್ಕೆ ಬಂತು, ಕೊನೆಗೆ ಅಂಚಿನ ಖಾಲಿ ಜಾಗದಲ್ಲಿ ನಿಂತಿತು. “ಎಲ್ಲೂ ಇಲ್ಲ” ಅಂದಳು. ಹಾಗಾದರೆ ಉತ್ತರ ನಾಟ್ ಗಿವನ್. ಅವಳ ಇಂಗ್ಲಿಷ್‌ನಲ್ಲಿ ದೋಷವಿರಲಿಲ್ಲ. ತನಗೆ ಗೊತ್ತಿದ್ದುದನ್ನು ಬರೆದಿದ್ದಳು, ಪ್ಯಾಸೇಜ್ ಹೇಳಿದ್ದನ್ನಲ್ಲ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಆ ಭಾನುವಾರದ ನಂತರ ಅವಳ ಜೊತೆ ಕೂತು ನಡೆಸಿದ ಅಭ್ಯಾಸವನ್ನೇ ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ. ದಿನಕ್ಕೊಂದು ಟೆಸ್ಟ್ ಬರೆದರೆ ಸ್ಕೋರ್ ತಾನಾಗಿ ಏರುತ್ತದೆ ಅನ್ನುವವರು ತುಂಬ ಜನ. ನನಗೆ ಆ ನಂಬಿಕೆಯಿಲ್ಲ. ಟೆಸ್ಟಿಗೆ ಒಂದು ಗಂಟೆ ಕೊಟ್ಟರೆ ಅದನ್ನು ಬಿಚ್ಚಿ ನೋಡಲು ಎರಡು ಗಂಟೆ ಕೊಡಬೇಕು. ಕಲಿಕೆ ಆಗುವುದು ಆ ಎರಡು ಗಂಟೆಯಲ್ಲಿ.

ಹೆಜ್ಜೆ 1: ಎಷ್ಟು ಉತ್ತರ ಕಮ್ಮಿ ಬಿದ್ದಿದೆ ಎಂದು ಲೆಕ್ಕ ಹಾಕಿ

ಐಇಎಲ್‌ಟಿಎಸ್‌ನಲ್ಲಿ ಎರಡು ಬಗೆ. ಹೊರದೇಶದಲ್ಲಿ ಡಿಗ್ರಿ ಓದುವವರು, ವೃತ್ತಿ ನೋಂದಣಿ ಬೇಕಾದವರು ಸಾಮಾನ್ಯವಾಗಿ ಅಕಾಡೆಮಿಕ್ ಬರೆಯುತ್ತಾರೆ. ಕೆನಡಾ, ಆಸ್ಟ್ರೇಲಿಯಾಗಳಿಗೆ ವಲಸೆ ಹೋಗುವವರಲ್ಲಿ ಹೆಚ್ಚಿನವರದು ಜನರಲ್ ಟ್ರೈನಿಂಗ್. ಯಾವುದು ಬೇಕೆಂದು ನೀವು ಅರ್ಜಿ ಹಾಕುವ ಕಡೆ ಕೇಳಿಕೊಂಡೇ ಪುಸ್ತಕ ಕೊಳ್ಳಿ. ಲಿಸನಿಂಗ್, ಸ್ಪೀಕಿಂಗ್ ಎರಡಕ್ಕೂ ಒಂದೇ. ರೀಡಿಂಗ್, ರೈಟಿಂಗ್ ಬೇರೆ ಬೇರೆ.

ರೀಡಿಂಗ್‌ಗೆ 60 ನಿಮಿಷ, 40 ಪ್ರಶ್ನೆ. ಅಕಾಡೆಮಿಕ್‌ನಲ್ಲಿ ಮೂರು ಉದ್ದದ ಪ್ಯಾಸೇಜ್, ಮೂರೂ ಸೇರಿ 2150ರಿಂದ 2750 ಪದ. ಜನರಲ್‌ನಲ್ಲಿ ಮೊದಲ ಭಾಗ ಜಾಹೀರಾತು, ಸೂಚನಾಪತ್ರದಂಥ ಚಿಕ್ಕ ಬರಹಗಳು, ಎರಡನೆಯದು ಕೆಲಸದ ಜಾಗಕ್ಕೆ ಸಂಬಂಧಿಸಿದ್ದು, ಮೂರನೆಯದು ಒಂದೇ ದೊಡ್ಡ ಬರಹ. ಒಂದು ಸರಿಯುತ್ತರಕ್ಕೆ ಒಂದು ಅಂಕ. ತಪ್ಪಿಗೆ ಅಂಕ ಕಳೆಯುವುದಿಲ್ಲ.

ಅಕಾಡೆಮಿಕ್‌ನಲ್ಲಿ 40ಕ್ಕೆ ಸುಮಾರು 23 ಸರಿಯಾದರೆ 6 ಬ್ಯಾಂಡ್, 30ಕ್ಕೆ 7, 35ಕ್ಕೆ 8. ಜನರಲ್‌ನ ಬರಹ ಸುಲಭವಾದ್ದರಿಂದ ಅಲ್ಲಿ 30 ಸರಿಯಾದರೂ ಸಿಗುವುದು ಸುಮಾರು 6 ಬ್ಯಾಂಡ್. ಅಲ್ಲಿ 7 ಬರಬೇಕಾದರೆ 34ರ ಹತ್ತಿರ ಸರಿಯಾಗಬೇಕು. ಪೇಪರಿನಿಂದ ಪೇಪರಿಗೆ ಒಂದೆರಡು ಅಂಕ ಆಚೀಚೆ ಆಗುತ್ತದೆ. “ಒಂದೂವರೆ ಬ್ಯಾಂಡ್ ಏರಿಸಬೇಕು” ಅಂದರೆ ಬೆಟ್ಟ ಹತ್ತುವ ಹಾಗೆ ಕೇಳಿಸುತ್ತದೆ. ಅಕ್ಕನ ಮಗಳಿಗೆ ನಾನು ಹೇಳಿದ್ದು, “ಇನ್ನು ಹತ್ತು ಉತ್ತರ ಸರಿ ಮಾಡಬೇಕು, ಅಷ್ಟೇ. ಯಾವ ಹತ್ತು ಅಂತ ಹುಡುಕೋಣ.”

ಹೆಜ್ಜೆ 2: ಮೊದಲ ಪೇಪರನ್ನು ಎರಡು ಬಣ್ಣದಲ್ಲಿ ಬರೆಯಿರಿ

ಕೇಂಬ್ರಿಡ್ಜ್‌ನವರು ಹಳೆಯ ಪ್ರಶ್ನೆಪತ್ರಿಕೆಗಳ ಸಂಪುಟಗಳನ್ನು ತರುತ್ತಾರೆ, ಒಂದೊಂದರಲ್ಲೂ ನಾಲ್ಕು ಪೂರ್ತಿ ಟೆಸ್ಟ್. ಅಂಥ ಎರಡು ಸಂಪುಟ ಸಾಕು. ಯಾರೋ ಕೂತು ತಯಾರಿಸಿದ ಮಾದರಿ ಪೇಪರ್‌ಗಳಲ್ಲಿ ಪ್ರಶ್ನೆಗಳು ಒಂದೋ ತೀರಾ ಸಲೀಸು, ಇಲ್ಲವೇ ಅಡ್ಡಾದಿಡ್ಡಿ. ಅವುಗಳ ಮೇಲೆ ಅಭ್ಯಾಸ ಮಾಡಿದರೆ ಪರೀಕ್ಷೆಯ ಲಯವೇ ಕೈಗೆ ಹತ್ತುವುದಿಲ್ಲ. ದುಡ್ಡು ಉಳಿಸಲು ನಾವು ಒಂದು ಅಂಗಡಿಯಿಂದ ಜೆರಾಕ್ಸ್ ಪ್ರತಿ ತಂದಿದ್ದೆವು. ಅದಕ್ಕೆ ಬೇರೆ ಯಾವುದೋ ಸಂಪುಟದ ಆನ್ಸರ್ ಕೀ ಹೊಲಿದಿದ್ದರು. ಸರಿಯಾಗಿ ಬರೆದ ಉತ್ತರಗಳನ್ನೆಲ್ಲ ತಪ್ಪೆಂದು ತಿಳಿದು ಹುಡುಗಿ ಎರಡು ದಿನ ಮಂಕಾಗಿ ಕೂತಿದ್ದಳು.

ಮೊದಲ ಟೆಸ್ಟನ್ನು 60 ನಿಮಿಷ ಅಲಾರಂ ಇಟ್ಟು ಪೆನ್ಸಿಲ್‌ನಲ್ಲಿ ಬರೆಯಿರಿ. ಅಲಾರಂ ಹೊಡೆದ ಕೂಡಲೇ ನಿಲ್ಲಿಸಿ. ಕಾಫಿ ಕುಡಿದು ಬಂದು ಕೆಂಪು ಪೆನ್ನಿನಲ್ಲಿ ಅದೇ ಪೇಪರನ್ನು ಮುಂದುವರಿಸಿ, ಈ ಸಲ ಗಡಿಯಾರವಿಲ್ಲ. ಬಿಟ್ಟದ್ದನ್ನು ತುಂಬಿ, ಅನುಮಾನವಿದ್ದದ್ದನ್ನು ತಿದ್ದಿ. ಆನ್ಸರ್ ಕೀ ತೆರೆಯುವುದು ಅದಾದ ಮೇಲೆ.

ಈಗ ನಿಮ್ಮ ಕೈಯಲ್ಲಿ ಎರಡು ಸ್ಕೋರ್ ಇವೆ. ಪೆನ್ಸಿಲ್‌ಗೆ 20, ಕೆಂಪು ಸೇರಿ 32 ಅಂದರೆ ನಿಮಗೆ ಅರ್ಥವಾಗುತ್ತಿದೆ, ವೇಗ ಸಾಲದು. ಪೆನ್ಸಿಲ್‌ಗೆ 20, ಕೆಂಪು ಸೇರಿಯೂ 23 ಅಂದರೆ ಗಡಿಯಾರವನ್ನು ದೂರಿ ಫಲವಿಲ್ಲ. ವಾಕ್ಯಗಳೇ ಪೂರ್ತಿ ತಿಳಿಯುತ್ತಿಲ್ಲ, ಅಥವಾ ಪ್ರಶ್ನೆ ಏನು ಕೇಳುತ್ತಿದೆ ಎಂಬುದು ತಪ್ಪುತ್ತಿದೆ. ಎರಡನೇ ಗುಂಪಿನವರು ತಿಂಗಳುಗಟ್ಟಲೆ ಟೈಮರ್ ಇಟ್ಟು ಟೆಸ್ಟ್ ಬರೆಯುವುದನ್ನು ಕಂಡಿದ್ದೇನೆ. ಅದು ತೂತಿರುವ ಬಿಂದಿಗೆಗೆ ಜೋರಾಗಿ ನೀರು ಬಿಟ್ಟ ಹಾಗೆ.

ಹೆಜ್ಜೆ 3: ಉದ್ದದ ವಾಕ್ಯದ ಬೆನ್ನುಮೂಳೆ ಹಿಡಿಯಿರಿ

ಕನ್ನಡದಲ್ಲಿ ಯೋಚಿಸುವವರಿಗೆ ಇಂಗ್ಲಿಷ್ ವಾಕ್ಯ ಎಲ್ಲಿ ಕೈಕೊಡುತ್ತದೆ ಎಂದು ಕೋಚಿಂಗ್‌ಗಳಲ್ಲಿ ಹೇಳುವುದು ಅಪರೂಪ. ಈ ವಾಕ್ಯ ನೋಡಿ: ‘ದಿ ಫಾರ್ಮರ್ಸ್ ಹೂ ಹ್ಯಾಡ್ ಸೋಲ್ಡ್ ದೇರ್ ಲ್ಯಾಂಡ್ ಟು ದಿ ಕಂಪನಿ ದಟ್ ಬಿಲ್ಟ್ ದಿ ಡ್ಯಾಮ್ ರಿಫ್ಯೂಸ್ಡ್ ಟು ಲೀವ್.’ ಕನ್ನಡದಲ್ಲಿ ಇದು ‘ಅಣೆಕಟ್ಟು ಕಟ್ಟಿದ ಕಂಪನಿಗೆ ಜಮೀನು ಮಾರಿದ್ದ ರೈತರು ಜಾಗ ಬಿಡಲು ಒಪ್ಪಲಿಲ್ಲ.’

ನಮ್ಮಲ್ಲಿ ವಿವರಣೆಯೆಲ್ಲ ಮೊದಲು ಬಂದುಬಿಡುತ್ತದೆ, ಆಮೇಲೆ ರೈತರು, ಪಕ್ಕದಲ್ಲೇ ಅವರು ಮಾಡಿದ ಕೆಲಸ. ಇಂಗ್ಲಿಷ್‌ನಲ್ಲಿ ರೈತರು ಬಾಗಿಲಲ್ಲೇ ಸಿಕ್ಕರೂ ಅವರ ಕ್ರಿಯಾಪದ ಹಿತ್ತಲಲ್ಲಿದೆ, ನಡುವೆ 12 ಪದ. ಅಷ್ಟರೊಳಗೆ ‘ಸೋಲ್ಡ್’, ‘ಬಿಲ್ಟ್’ ಎಂಬ ಇನ್ನೆರಡು ಕ್ರಿಯಾಪದ ಹಾದುಹೋಗುತ್ತವೆ. ಅವಸರದಲ್ಲಿ ಓದಿದವರು ‘ಕಂಪನಿ ಒಪ್ಪಲಿಲ್ಲ’ ಅಂತಲೋ ‘ರೈತರು ಅಣೆಕಟ್ಟು ಕಟ್ಟಿದರು’ ಅಂತಲೋ ತಿಳಿಯುತ್ತಾರೆ. ಪ್ರಶ್ನೆ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ತಪ್ಪು ಆಯ್ಕೆಗಳಲ್ಲಿ ಅದೇ ಕೂತಿರುತ್ತದೆ.

ಅಭ್ಯಾಸ ಹೀಗೆ. ದಿನಕ್ಕೆ ಒಂದು ಪ್ಯಾಸೇಜಿನಿಂದ ಅತಿ ಉದ್ದದ ಐದು ವಾಕ್ಯ ಆರಿಸಿ. ಒಂದೊಂದರಲ್ಲೂ ಯಾರು, ಏನು ಮಾಡಿದರು ಎಂಬ ಎರಡು ಪದದ ಕೆಳಗೆ ಮಾತ್ರ ಗೆರೆ ಹಾಕಿ. ಮಿಕ್ಕಿದ್ದನ್ನು ಕಂಸದಲ್ಲಿಟ್ಟಂತೆ ಪಕ್ಕಕ್ಕಿಡಿ. ಮೊದಲ ವಾರ ಐದು ವಾಕ್ಯಕ್ಕೆ ಕಾಲು ಗಂಟೆ ಹಿಡಿಯುತ್ತದೆ, ಮೂರನೇ ವಾರಕ್ಕೆ ಗೆರೆ ಹಾಕದೆಯೇ ಕಣ್ಣಿಗೆ ಕಾಣತೊಡಗುತ್ತದೆ.

ಇಲ್ಲ ಎನ್ನುವ ಮಾತಿನದೂ ಇದೇ ಪಾಡು. ಕನ್ನಡದಲ್ಲಿ ‘ಇಲ್ಲ’ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಎದ್ದು ಕಾಣುತ್ತದೆ. ಇಂಗ್ಲಿಷ್‌ನಲ್ಲಿ ಅದು ‘ನಾಟ್’ ಎಂಬ ವೇಷದಲ್ಲೇ ಬರಬೇಕೆಂದಿಲ್ಲ. ‘ಹಾರ್ಡ್ಲಿ’, ‘ಫೇಲ್ಡ್ ಟು’, ‘ಫಾರ್ ಫ್ರಮ್’, ‘ಅನ್‌ಲೆಸ್’ ಎಲ್ಲವೂ ಒಳಗೊಳಗೇ ಅರ್ಥ ತಿರುಗಿಸುತ್ತವೆ. ‘ಎ ಫ್ಯೂ’ ಅಂದರೆ ಕೆಲವರಾದರೂ ಇದ್ದಾರೆ. ಆ ‘ಎ’ ತೆಗೆದು ಬರೀ ‘ಫ್ಯೂ’ ಅಂದರೆ ಇಲ್ಲವೆನ್ನುವಷ್ಟು ಕಮ್ಮಿ. ಒಂದಕ್ಷರ ಹೋದರೆ ಒಂದು ಅಂಕ ಹೋಗುತ್ತದೆ. ಓದುವಾಗ ಇಂಥ ಪದ ಸಿಕ್ಕಲ್ಲೆಲ್ಲ ಸುತ್ತ ಒಂದು ಸೊನ್ನೆ ಸುತ್ತುವುದನ್ನು ರೂಢಿ ಮಾಡಿಕೊಳ್ಳಿ.

ಹೆಜ್ಜೆ 4: ಪದ ಹುಡುಕುವ ಚಾಳಿ ಬಿಡಿ

ಇದರಲ್ಲಿ ನನ್ನ ಪಾಲಿನ ತಪ್ಪೂ ಇದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಟ್ಟದ್ದು ಒಂದೇ: ಪ್ರಶ್ನೆಯಲ್ಲಿರುವ ಪದ ಪ್ಯಾಸೇಜ್‌ನಲ್ಲಿ ಎಲ್ಲಿದೆ ಹುಡುಕಿ, ಆ ಸಾಲನ್ನು ಎತ್ತಿ ಬರೆಯಿರಿ, ಅಂಕ ಬರುತ್ತದೆ. ಬರುತ್ತಲೂ ಇತ್ತು. ಐಇಎಲ್‌ಟಿಎಸ್‌ನಲ್ಲಿ ಆ ಚಾಳಿಯೇ ಗುಂಡಿಗೆ ಬೀಳಿಸುತ್ತದೆ. ಇಲ್ಲಿ ಪ್ರಶ್ನೆಯ ಪದ ಬೇರೆ, ಪ್ಯಾಸೇಜಿನ ಪದ ಬೇರೆ. ಪ್ಯಾಸೇಜ್‌ನಲ್ಲಿ ‘ಎ ಡಿಕೇಡ್’ ಇದ್ದರೆ ಪ್ರಶ್ನೆಯಲ್ಲಿ ‘ಟೆನ್ ಇಯರ್ಸ್’, ಅಲ್ಲಿ ‘ವಾಟರ್ ವಾಸ್ ಸ್ಕಾರ್ಸ್’ ಇದ್ದರೆ ಇಲ್ಲಿ ‘ಶಾರ್ಟೇಜ್’. ಪ್ರಶ್ನೆಯದೇ ಪದವನ್ನು ಹೊತ್ತುಕೊಂಡ ಸಾಲು ಎಷ್ಟೋ ಸಲ ಬಲೆಯಾಗಿರುತ್ತದೆ.

ವೇಷ ಬದಲಿಸದ ಪದಗಳೂ ಇವೆ: ವ್ಯಕ್ತಿಗಳ ಮತ್ತು ಊರುಗಳ ಹೆಸರು, ಇಸವಿ, ಪ್ರಾಣಿ ಸಸ್ಯಗಳ ಹೆಸರು, ಬೇರೆ ಹೆಸರಿಲ್ಲದ ಶಾಸ್ತ್ರದ ಪದಗಳು. ಹೊಸ ಊರಲ್ಲಿ ಬಸ್‌ಸ್ಟ್ಯಾಂಡು, ದೇವಸ್ಥಾನ ಗುರುತಿಟ್ಟುಕೊಂಡ ಹಾಗೆ ಇವನ್ನು ಹಿಡಿದು ಜಾಗಕ್ಕೆ ಹೋಗಿ. ಜಾಗ ಸಿಕ್ಕ ಮೇಲೆ ಹಿಂದಿನ ಒಂದು ಸಾಲು, ಮುಂದಿನ ಒಂದು ಸಾಲು ಸೇರಿಸಿ ನಿಧಾನವಾಗಿ ಓದಿ. ಸ್ಕಿಮ್ಮಿಂಗ್ (ಮೇಲುಮೇಲೆ ಕಣ್ಣಾಡಿಸುವುದು), ಸ್ಕ್ಯಾನಿಂಗ್ (ಬೇಕಾದ ಪದವನ್ನಷ್ಟೇ ಹುಡುಕುವುದು) ಎಂದು ಕೋಚಿಂಗ್‌ಗಳಲ್ಲಿ ಮೊದಲ ದಿನವೇ ಹೇಳಿಕೊಡುತ್ತಾರಲ್ಲ, ಅದು ಉತ್ತರ ಎಲ್ಲಿದೆ ಎಂದು ತಿಳಿಯುವುದಕ್ಕೆ. ಉತ್ತರ ಯಾವುದೆಂದು ಹೇಳುವುದು ನಿಧಾನದ ಓದು ಮಾತ್ರ.

ಪ್ರತಿ ಟೆಸ್ಟ್ ಮುಗಿದ ಮೇಲೂ ಎರಡು ಕಾಲಂ ಎಳೆಯಿರಿ. ಎಡಕ್ಕೆ ಪ್ರಶ್ನೆಯ ಮಾತು, ಬಲಕ್ಕೆ ಅದಕ್ಕೆ ಜೋಡಿಯಾದ ಪ್ಯಾಸೇಜಿನ ಮಾತು. ಸರಿ ಬಂದ ಉತ್ತರಗಳಿಗೂ ಇದನ್ನು ಮಾಡಿ. ಡಿಕ್ಷನರಿಯಿಂದ ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ ಮಾಡುವುದಕ್ಕಿಂತ ಇದು ಮೇಲು. ಪದ ತನ್ನ ಜೋಡಿಯ ಸಮೇತ ಸಿಗುತ್ತದೆ. ಗೊತ್ತಿಲ್ಲದ ಪದಗಳಲ್ಲಿ ಉತ್ತರವನ್ನು ನಿರ್ಧರಿಸಿದ ಪದಗಳ ಅರ್ಥ ಮಾತ್ರ ನೋಡಿ. ಗೆದ್ದಲಿನ ಮೇಲಿನ ಪ್ಯಾಸೇಜಿನಲ್ಲಿ ಬರುವ ಅಷ್ಟೂ ಹುಳುಗಳ ಹೆಸರು ಕಲಿತು ನಮಗೇನು ಆಗಬೇಕು?

ಹೆಜ್ಜೆ 5: ಟ್ರೂ, ಫಾಲ್ಸ್, ನಾಟ್ ಗಿವನ್

ಅತಿ ಹೆಚ್ಚು ಕಣ್ಣೀರು ಇಲ್ಲೇ, ಅದಕ್ಕೇ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಮ್ಮೂರಿನದೇ ಒಂದು ಪುಟ್ಟ ಪ್ಯಾಸೇಜ್ ಮಾಡಿಕೊಳ್ಳೋಣ. ಪರೀಕ್ಷೆಯಲ್ಲಿ ಇಂಗ್ಲಿಷ್ ಇರುತ್ತದೆ, ತರ್ಕ ಕಲಿಯಲು ಕನ್ನಡವೇ ಸಾಕು.

‘ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಕೇಂದ್ರ ಶುರುವಾಯಿತು. ಅಲ್ಲಿನ ವಿದ್ಯುತ್ತನ್ನು ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಲಾಯಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು. ಬೆಂಗಳೂರಿಗೆ ಈ ವಿದ್ಯುತ್ ಬಂದದ್ದು ಮೂರು ವರ್ಷದ ನಂತರ, 1905ರಲ್ಲಿ.’

ಈಗ ನಾಲ್ಕು ಹೇಳಿಕೆ. ಮೊದಲನೆಯದು, ‘ಶಿವನಸಮುದ್ರದ ವಿದ್ಯುತ್ ಗಣಿಗಳಿಗಿಂತ ಮೊದಲು ಬೆಂಗಳೂರಿಗೆ ಸಿಕ್ಕಿತು.’ ಪ್ಯಾಸೇಜ್ ನೇರವಾಗಿ ಅಲ್ಲಗಳೆಯುತ್ತದೆ, ಫಾಲ್ಸ್. ಎರಡನೆಯದು, ‘ಗಣಿಗಳು ಕೇಂದ್ರದಿಂದ 100 ಕಿ.ಮೀ.ಗೂ ಹೆಚ್ಚು ದೂರದಲ್ಲಿದ್ದವು.’ 100 ಎಂಬ ಅಂಕಿ ಪ್ಯಾಸೇಜಿನಲ್ಲಿ ಇಲ್ಲವೆಂದು ನಾಟ್ ಗಿವನ್ ಬರೆಯುವವರಿದ್ದಾರೆ. 150 ಅಂದರೆ 100ಕ್ಕಿಂತ ಹೆಚ್ಚು ತಾನೆ? ಟ್ರೂ. ಪದ ಹುಡುಕುವವರು ಬೀಳುವುದು ಇಂಥಲ್ಲಿ.

ಮೂರನೆಯದು, ‘ವಿದ್ಯುತ್ ಬಂದ ಮೇಲೆ ಗಣಿಗಳಲ್ಲಿ ಚಿನ್ನದ ಉತ್ಪಾದನೆ ಹೆಚ್ಚಿತು.’ ಹೆಚ್ಚಿರಬಹುದು. ಹೆಚ್ಚದೆ ಇನ್ನೇನು ಎಂದು ಮನಸ್ಸು ಹೇಳುತ್ತದೆ. ಬೆರಳಿಡಲು ಜಾಗವಿಲ್ಲ, ನಾಟ್ ಗಿವನ್.

ನಾಲ್ಕನೆಯದು ಸ್ವಲ್ಪ ಬಿಗಿ: ‘ಆ ಕಾಲಕ್ಕೆ ಅದು ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗವಾಗಿತ್ತು.’ ಅಕ್ಕನ ಮಗಳು ಥಟ್ಟನೆ ಫಾಲ್ಸ್ ಅಂದಳು. “ಒಂದಾಗಿತ್ತು ಅಂದ್ರೆ ಮೊದಲನೇದಲ್ಲ ಅಂತ ತಾನೆ?” ಅಲ್ಲ. ತರಗತಿಯ ಜಾಣ ಮಕ್ಕಳಲ್ಲಿ ಇವಳೂ ಒಬ್ಬಳು ಎಂದರೆ ಮೊದಲ ರ‍್ಯಾಂಕ್ ಇವಳದಲ್ಲ ಎಂದು ಹೇಳಿದಂತಾಗಲಿಲ್ಲ. ಇವಳದೇ ಇರಬಹುದು, ಬೇರೆಯವರದೂ ಇರಬಹುದು. ಪ್ಯಾಸೇಜ್ ಹೇಳಿಲ್ಲ, ನಾಟ್ ಗಿವನ್.

ಫಾಲ್ಸೋ ನಾಟ್ ಗಿವನ್ನೋ ಎಂದು ಮನಸ್ಸು ತೂಗಾಡಿದಾಗಲೆಲ್ಲ ನಾನು ಕೇಳಿಸುತ್ತಿದ್ದ ಪ್ರಶ್ನೆ ಇದು: ಪ್ಯಾಸೇಜ್ ಹೇಳಿದ್ದು ನಿಜವೇ ಎಂದು ಇಟ್ಟುಕೊಂಡರೆ, ಈ ಹೇಳಿಕೆಯೂ ನಿಜವಾಗಿರಲು ಸಾಧ್ಯವೇ? ಎರಡೂ ಒಟ್ಟಿಗೆ ನಿಲ್ಲಲು ಸಾಧ್ಯವೇ ಇಲ್ಲವಾದರೆ ಫಾಲ್ಸ್. ಇರಬಹುದು, ಇಲ್ಲದೆಯೂ ಇರಬಹುದು ಎಂದಾದರೆ ನಾಟ್ ಗಿವನ್. ಈ ಒಂದು ಪ್ರಶ್ನೆಯಿಂದ ಅವಳ ಅರ್ಧ ಗೊಂದಲ ಕರಗಿತು.

ಹೇಳಿಕೆಯಲ್ಲಿ ‘ಆಲ್’, ‘ಓನ್ಲಿ’, ‘ಮೋಸ್ಟ್’, ‘ಆಲ್ವೇಸ್’, ‘ಫಸ್ಟ್’ ಇದ್ದರೆ ಪೆನ್ಸಿಲ್ ಅಲ್ಲೇ ನಿಲ್ಲಲಿ. ಪ್ಯಾಸೇಜಿನಲ್ಲಿ ‘ಸಮ್’ ಇದ್ದದ್ದು ಹೇಳಿಕೆಯಲ್ಲಿ ‘ಮೋಸ್ಟ್’ ಆಗಿರುತ್ತದೆ. ಈ ಬಗೆಯ ಪ್ರಶ್ನೆಗಳು ಪ್ಯಾಸೇಜಿನ ಕ್ರಮದಲ್ಲೇ ಬರುವುದು ಒಂದು ಉಪಕಾರ. 3ಕ್ಕೂ 5ಕ್ಕೂ ಉತ್ತರದ ಜಾಗ ಸಿಕ್ಕಿದ್ದರೆ 4ರದ್ದು ಅವುಗಳ ನಡುವೆಯೇ ಇರಬೇಕು. ಆ ನಡುವಿನ ಐದಾರು ಸಾಲಲ್ಲಿ ಏನೂ ಸಿಗದಿದ್ದರೆ ನಾಟ್ ಗಿವನ್ ಬರೆದು ಮುಂದೆ ಹೋಗಿ, ಇಡೀ ಪ್ಯಾಸೇಜ್ ಜಾಲಾಡಬೇಡಿ.

ಯೆಸ್, ನೋ, ನಾಟ್ ಗಿವನ್ ಎಂಬುದು ಇದರ ಅಣ್ಣತಮ್ಮ. ಅಲ್ಲಿ ಕೇಳುವುದು ಬರೆದವರ ಅಭಿಪ್ರಾಯ. ಅವರು ಬೇರೆ ಯಾರದೋ ಮಾತು ಉದ್ಧರಿಸಿ ಮುಂದಿನ ಸಾಲಲ್ಲೇ ಅದನ್ನು ಒಪ್ಪದೆ ಇರಬಹುದು. ಮಾತು ಯಾರದು ಎಂದು ಮೊದಲು ನೋಡಿ.

ಹೆಜ್ಜೆ 6: ಉಳಿದ ಬಗೆಗಳು

ಪ್ಯಾರಾಗಳಿಗೆ ಹೆಡಿಂಗ್ ಹೊಂದಿಸುವುದಕ್ಕೆ ನಮ್ಮ ಉಪಾಯ, ಹೆಡಿಂಗ್ ಪಟ್ಟಿ ನೋಡುವ ಮೊದಲೇ ಪ್ರತಿ ಪ್ಯಾರಾದ ಪಕ್ಕ ಕನ್ನಡದಲ್ಲಿ ಮೂರು ನಾಲ್ಕು ಪದ ಬರೆದುಕೊಳ್ಳುವುದು. ‘ಹಳೇ ಪದ್ಧತಿ ಸೋತದ್ದು ಯಾಕೆ’, ‘ಖರ್ಚಿನ ತಕರಾರು’, ‘ಹೊಸ ಪ್ರಯೋಗ, ಫಲ ಅರ್ಧಂಬರ್ಧ’. ಪರೀಕ್ಷೆಯಲ್ಲೂ ನಿಮ್ಮ ಟಿಪ್ಪಣಿ ಯಾವ ಭಾಷೆಯಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಇಂಗ್ಲಿಷ್‌ನಲ್ಲಿ ಬರೆಯಹೋದರೆ ಪ್ಯಾರಾದ ಪದಗಳನ್ನೇ ಎತ್ತಿಡುತ್ತೇವೆ, ಕನ್ನಡದಲ್ಲಿ ಬರೆಯಬೇಕಾದರೆ ಅರ್ಥ ಮಾಡಿಕೊಳ್ಳಲೇಬೇಕು. ಹೆಡಿಂಗ್‌ಗಳು ಪ್ಯಾರಾಗಳಿಗಿಂತ ಹೆಚ್ಚಿರುತ್ತವೆ, ಕೆಲವು ಉಳಿಯುತ್ತವೆ. ಪ್ಯಾರಾದ ಒಂದು ಸಾಲಿಗೆ ಮಾತ್ರ ಹೊಂದುವ ಹೆಡಿಂಗ್ ಅಲ್ಲ, ಇಡೀ ಪ್ಯಾರಾವನ್ನು ಹೊರಬಲ್ಲ ಹೆಡಿಂಗ್ ಬೇಕು.

‘ಈ ಮಾಹಿತಿ ಯಾವ ಪ್ಯಾರಾದಲ್ಲಿದೆ’ ಎಂಬ ಪ್ರಶ್ನೆಗಳು ಕ್ರಮವಾಗಿ ಬರುವುದಿಲ್ಲ. ಅವನ್ನು ಆ ಪ್ಯಾಸೇಜಿನ ಕೊನೆಗೆ ಇಟ್ಟುಕೊಳ್ಳಿ. ಬೇರೆ ಪ್ರಶ್ನೆಗಳಿಗಾಗಿ ಓಡಾಡಿ ಅಷ್ಟರಲ್ಲಿ ಪ್ಯಾಸೇಜಿನ ಓಣಿ ಓಣಿ ಪರಿಚಯವಾಗಿರುತ್ತದೆ.

ಬಿಟ್ಟ ಸ್ಥಳ ತುಂಬುವಲ್ಲಿ ಸೂಚನೆ ಓದದೆ ಕೆಡುವವರೇ ಹೆಚ್ಚು. ‘ನೋ ಮೋರ್ ದ್ಯಾನ್ ಟೂ ವರ್ಡ್ಸ್’ ಎಂದಿದ್ದರೆ ಮೂರು ಪದ ಬರೆದ ಉತ್ತರ ತಪ್ಪು, ಅರ್ಥ ಎಷ್ಟೇ ಸರಿಯಿದ್ದರೂ. ಪ್ಯಾಸೇಜಿನ ಪದವನ್ನು ಇದ್ದ ಹಾಗೇ ಎತ್ತಿಡಿ, ಏಕವಚನವನ್ನು ಬಹುವಚನ ಮಾಡಬೇಡಿ. ಸ್ಪೆಲ್ಲಿಂಗ್ ತಪ್ಪಿದರೆ ಅಂಕ ಇಲ್ಲ. ಕಣ್ಣೆದುರಿಗಿರುವ ಪದವನ್ನು ತಪ್ಪಾಗಿ ನಕಲು ಮಾಡಿ ಅಂಕ ಕಳೆದುಕೊಳ್ಳುವುದರಷ್ಟು ಹೊಟ್ಟೆ ಉರಿಸುವುದು ಬೇರೊಂದಿಲ್ಲ.

ಬಹು ಆಯ್ಕೆಯಲ್ಲಿ ಮೊದಲು ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಪ್ರಶ್ನೆ ಓದಿ, ಪ್ಯಾಸೇಜಿನಲ್ಲಿ ಉತ್ತರ ಕಂಡುಕೊಂಡು, ಆಮೇಲೆ ಕೈ ತೆಗೆಯಿರಿ.

ಹೆಜ್ಜೆ 7: ತಪ್ಪಿನ ನೋಟ್‌ಬುಕ್

ಇಷ್ಟೂ ಹೆಜ್ಜೆಗಳಲ್ಲಿ ಒಂದನ್ನು ಮಾತ್ರ ಮಾಡಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಮಾಡಿ. 200 ಪುಟದ ಸಾಧಾರಣ ನೋಟ್‌ಬುಕ್. ಪ್ರತಿ ತಪ್ಪಿಗೂ ಪ್ರಶ್ನೆಯ ಸಂಖ್ಯೆ, ನಾನು ಬರೆದದ್ದು, ಸರಿಯುತ್ತರ, ಅದನ್ನು ಸಾಬೀತು ಮಾಡುವ ಸಾಲು, ಮತ್ತು ಕೊನೆಗೆ ‘ಯಾಕೆ ತಪ್ಪಿದೆ’. ಕೊನೆಯದನ್ನು ಕನ್ನಡದಲ್ಲೇ ಬರೆಯಿರಿ. ‘ಗಮನ ಕೊಡಲಿಲ್ಲ’ ಎಂಬ ಸಬೂಬು ಬರೆಯಕೂಡದು. ಯಾವುದಕ್ಕೆ ಗಮನ ಕೊಡಲಿಲ್ಲ?

ಅವಳ ನೋಟ್‌ಬುಕ್‌ನಿಂದ ಕೆಲವು ಸಾಲು: ‘ಪ್ಯಾಸೇಜಲ್ಲಿ ಸಮ್, ಪ್ರಶ್ನೇಲಿ ಮೋಸ್ಟ್. ನೋಡಲಿಲ್ಲ.’ ‘ದೇ ಅಂದ್ರೆ ಹಕ್ಕಿಗಳು ಅಂದ್ಕೊಂಡೆ, ಬೇಟೆಗಾರರು.’ ‘ಪ್ಯಾರಾದ ಮೊದಲ ಸಾಲು ಓದಿ ಹೆಡಿಂಗ್ ಹಾಕಿದೆ, ಮೂರನೇ ಸಾಲಲ್ಲಿ ಹೌಎವರ್ ಇತ್ತು.’ ಮತ್ತೆ ಮತ್ತೆ ಕಾಣುವುದು ಎರಡೇ ಪದದ ಒಂದು ಟಿಪ್ಪಣಿ: ‘ನರ್ಸ್ ಬುದ್ಧಿ.’ ಅಂದರೆ ಗೊತ್ತಿದ್ದುದನ್ನು ಬರೆದೆ ಎಂದರ್ಥ.

ಮೂರು ವಾರಕ್ಕೊಮ್ಮೆ ಈ ‘ಯಾಕೆ’ಗಳನ್ನು ಗುಂಪು ಮಾಡಿ. ಪದದ ಅರ್ಥ ಗೊತ್ತಿಲ್ಲದೆ ಆದ ತಪ್ಪುಗಳನ್ನು ಅವಳು ಬೆರಳಲ್ಲಿ ಎಣಿಸಿದಳು, ಒಂದು ಕೈ ಸಾಕಾಯಿತು. ಅಲ್ಲಿಯವರೆಗೂ ಬಸ್ಸಿನಲ್ಲಿ ಕೂತು ವೊಕ್ಯಾಬುಲರಿ ಆ್ಯಪ್ ತಿರುವುತ್ತಿದ್ದಳು. ಅವತ್ತೇ ಅದನ್ನು ಫೋನಿನಿಂದ ತೆಗೆದಳು.

ಹೆಜ್ಜೆ 8: ಗಡಿಯಾರ

ವಾಕ್ಯ ತಿಳಿಯತೊಡಗಿದ ಮೇಲೆ ಮಾತ್ರ ಟೈಮರ್ ಇಡಿ. ಒಂದೊಂದು ಪ್ಯಾಸೇಜಿಗೆ 20 ನಿಮಿಷ ಎಂಬುದು ಪುಸ್ತಕದ ಲೆಕ್ಕ. ಸಾಮಾನ್ಯವಾಗಿ ಮೊದಲನೆಯದು ಸುಲಭ, ಕೊನೆಯದು ಕಠಿಣ. ಹಾಗಾಗಿ 16, 20, 24 ಎಂದು ಹಂಚುವುದು ನನಗೆ ಸರಿ ಕಾಣುತ್ತದೆ. ಮೊದಲೆರಡು ನಿಮಿಷ ಪ್ಯಾರಾಗಳ ಮೇಲೆ ಕಣ್ಣಾಡಿಸಿ ಕನ್ನಡ ಟಿಪ್ಪಣಿ ಹಾಕಿ, ಆಮೇಲೆ ಪ್ರಶ್ನೆ. ಒಂದು ಪ್ರಶ್ನೆಯ ಮೇಲೆ ಒಂದೂವರೆ ನಿಮಿಷ ಕಳೆದರೂ ಜಾಗ ಸಿಗದಿದ್ದರೆ ಊಹೆ ಬರೆದು, ಗುರುತು ಹಾಕಿ, ಮುಂದೆ ಸಾಗಿ.

ವೇಗಕ್ಕೆಂದು ಟೆಸ್ಟಿನಾಚೆ ಮಾಡಬೇಕಾದ್ದು ದಿನಕ್ಕೊಂದು ಇಂಗ್ಲಿಷ್ ಲೇಖನ. ಡೆಕ್ಕನ್ ಹೆರಾಲ್ಡ್, ದಿ ಹಿಂದೂ ಯಾವುದಾದರೂ ಸರಿ. ರಾಜಕೀಯ ಬೇಡ, ವಿಜ್ಞಾನ, ಪರಿಸರ, ಇತಿಹಾಸದ್ದು ಇರಲಿ. ತುಟಿ ಆಡಿಸದೆ, ಹಿಂದಕ್ಕೆ ಹೋಗದೆ ಒಮ್ಮೆ ಓದಿ, ಮುಚ್ಚಿಟ್ಟು, ಮನೆಯಲ್ಲಿ ಯಾರಿಗಾದರೂ ಮೂರು ವಾಕ್ಯದಲ್ಲಿ ಕನ್ನಡದಲ್ಲಿ ಹೇಳಿ. ಕೇಳಿದವರು “ಅದ್ಯಾಕೆ ಹಾಗೆ?” ಅಂದಾಗ ಉತ್ತರ ಬರದಿದ್ದರೆ ನೀವು ಓದಿಲ್ಲ, ಕಣ್ಣಾಡಿಸಿದ್ದೀರಿ. ಅಕ್ಕ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದಳು. ಯಾವ ಲೇಖನಕ್ಕೂ ನಾಲ್ಕು ‘ಯಾಕೆ’ ಕೇಳದೆ ಬಿಡುತ್ತಿರಲಿಲ್ಲ.

ಆರು ವಾರಕ್ಕೆ ಹೇಗೆ ಹಂಚುವುದು

ಎರಡು ಸಂಪುಟ, ಎಂಟು ಟೆಸ್ಟ್, 24 ಪ್ಯಾಸೇಜ್. ಒಂದು ಟೆಸ್ಟ್ ಹೆಜ್ಜೆ 2ಕ್ಕೆ ಹೋಯಿತು. ಕೊನೆಯ ಎರಡು ಟೆಸ್ಟನ್ನು ಈಗಲೇ ಪಿನ್ ಹೊಡೆದು ಮುಚ್ಚಿಡಿ, ಅವು ಆರನೇ ವಾರಕ್ಕೆ. ಉಳಿದ 15 ಪ್ಯಾಸೇಜ್‌ನಲ್ಲಿ ಮೊದಲ ಎರಡು ವಾರ ವಾರಕ್ಕೆ ಮೂರರಂತೆ, ಗಡಿಯಾರವಿಲ್ಲದೆ. ಕಮ್ಮಿ ಅನ್ನಿಸುತ್ತದೆ, ಐದು ವಾಕ್ಯದ ಅಭ್ಯಾಸ, ಜೋಡಿ ಪದದ ಕಾಲಂ, ನೋಟ್‌ಬುಕ್ ಎಲ್ಲ ಸೇರಿದರೆ ಒಂದು ಪ್ಯಾಸೇಜಿಗೇ ಎರಡು ದಿನ ಹಿಡಿಯುತ್ತದೆ. ಮೂರನೇ, ನಾಲ್ಕನೇ ವಾರ ಮತ್ತೆ ಮೂರು ಮೂರು, ಈ ಸಲ 25 ನಿಮಿಷದ ಅಲಾರಂ ಇಟ್ಟು. ಐದನೇ ವಾರ ಉಳಿದ ಮೂರನ್ನು ಒಟ್ಟಿಗೆ, 60 ನಿಮಿಷದಲ್ಲಿ, ಮಿಕ್ಕ ದಿನ ಬಿಚ್ಚಿ ನೋಡುವುದು. ಶಿಫ್ಟ್ ಕೆಲಸದವರು ನೈಟ್ ಮುಗಿಸಿ ಬಂದ ದಿನ ಟೆಸ್ಟ್ ಬರೆಯಬೇಡಿ. ಅವತ್ತಿಗೆ ನೋಟ್‌ಬುಕ್ ತಿರುವಿ ಹಾಕಿದರೆ ಸಾಕು.

ಸ್ಕೋರ್ ನೇರ ಮೆಟ್ಟಿಲಿನಂತೆ ಏರುವುದಿಲ್ಲ. ಮೂರನೇ ವಾರದಲ್ಲಿ ಇಳಿಯುವುದೇ ಹೆಚ್ಚು, ಹಳೆಯ ಚಾಳಿ ಬಿಟ್ಟಿರುತ್ತೀರಿ, ಹೊಸದು ಇನ್ನೂ ಕೈಗೆ ಕೂತಿರುವುದಿಲ್ಲ.

ಕಂಪ್ಯೂಟರಿನ ಮುಂದೆ

ಕಂಪ್ಯೂಟರ್‌ನಲ್ಲಿ ಬರೆಯುವವರಿಗೆ ಪರದೆಯ ಎಡಕ್ಕೆ ಪ್ಯಾಸೇಜ್, ಬಲಕ್ಕೆ ಪ್ರಶ್ನೆ. ಮೌಸ್‌ನಿಂದ ಸಾಲು ಹೈಲೈಟ್ ಮಾಡಬಹುದು. ಬೆರಳಿಡುವ ಬದಲು ಅದು. ಕೊನೆಯ ಎರಡು ಟೆಸ್ಟನ್ನು ಪರದೆಯ ಮೇಲೆ ಓದಿ ಅಭ್ಯಾಸ ಮಾಡಿ, ಕಾಗದದ ಮೇಲೆ ಸಲೀಸಾಗಿ ಓಡುವ ಕಣ್ಣು ಪರದೆಯ ಮೇಲೆ ತಡವರಿಸುತ್ತದೆ. ಪೂರ್ತಿ ಪರೀಕ್ಷೆ ಬರೆಯುವಾಗ ರೀಡಿಂಗ್ ಒಂಟಿಯಾಗಿ ಬರುವುದಿಲ್ಲ, ಲಿಸನಿಂಗ್ ಮುಗಿದ ಬೆನ್ನಿಗೇ ಬಿಡುವಿಲ್ಲದೆ ಶುರು, ಅದಾದ ಮೇಲೆ ರೈಟಿಂಗ್. ಆದ್ದರಿಂದ ಆ ಎರಡು ಟೆಸ್ಟಿಗೆ ಮೊದಲು ಅರ್ಧ ಗಂಟೆ ಲಿಸನಿಂಗ್ ಮಾಡಿ, ಏಳದೆ ರೀಡಿಂಗ್‌ಗೆ ಬನ್ನಿ. ಉತ್ತರವನ್ನು ಬೇರೆ ಹಾಳೆಗೆ ಇಳಿಸಲು ರೀಡಿಂಗ್‌ನಲ್ಲಿ ಹೆಚ್ಚುವರಿ ಸಮಯ ಕೊಡುವುದಿಲ್ಲ, ಕಾಗದದಲ್ಲಿ ಬರೆಯುವವರು ಆಯಾ ಉತ್ತರವನ್ನು ನೇರವಾಗಿ ಆನ್ಸರ್ ಶೀಟಿಗೇ ಬರೆಯಬೇಕು. ಕೊನೆಯ ಎರಡು ನಿಮಿಷ ಖಾಲಿ ಜಾಗ ತುಂಬುವುದಕ್ಕೆ. ತಪ್ಪಿಗೆ ಶಿಕ್ಷೆಯಿಲ್ಲದ ಪರೀಕ್ಷೆಯಲ್ಲಿ ಖಾಲಿ ಬಿಡುವುದು ದಡ್ಡತನ.

ಎರಡನೇ ಸಲ ಅಕ್ಕನ ಮಗಳಿಗೆ ರೀಡಿಂಗ್‌ನಲ್ಲಿ 7 ಬಂತು. ರೈಟಿಂಗ್‌ನಲ್ಲಿ 6. ಬೇಕಾದದ್ದು ಆರೂವರೆ. ಫೋನ್ ಮಾಡಿ ಒಂದು ನಿಮಿಷ ಸುಮ್ಮನಿದ್ದಳು, ಆಮೇಲೆ ಕೇಳಿದಳು: “ಮಾಮ, ಆ ನೋಟ್‌ಬುಕ್‌ನಲ್ಲಿ ಹಿಂದುಗಡೆ ಇನ್ನೂ ಅರವತ್ತು ಹಾಳೆ ಖಾಲಿ ಇದೆ. ಈ ಭಾನುವಾರ ಮನೇಲಿರ್ತೀರಾ?”